ಮಹಿಳೆಯ ಆರೋಗ್ಯ 'ತುರ್ತಲ್ಲ' ಎಂದವರಾರು?

ಸಾಂಕ್ರಾಮಿಕ ರೋಗವೊಂದು ಎಷ್ಟು ಮಂದಿಯನ್ನು ಬಲಿ ಪಡೆಯಿತು ಎಂದು ಲೆಕ್ಕ ಹಾಕಲು ಸರಕಾರಗಳಿಗೆ ಅವುಗಳದೇ ಆದ ಕ್ರಮವಿದೆ. ಕೊರೋನಾ ಕಾಲದಲ್ಲಿ ದಿನವೂ ಹೊರಡುತ್ತಿದ್ದ ಪ್ರಕಟಣೆಯಲ್ಲಿ ಸೋಂಕಿತರು, ಗುಣಮುಖರಾದವರು, ಮೃತರು ಎಂಬ ಅಂಕಣಗಳಿದ್ದವು. ಆದರೆ ಬಸ್ಸಿಲ್ಲದೆ ತಿಂಗಳ ತಪಾಸಣೆಯನ್ನು ಕೈಬಿಟ್ಟ ಗರ್ಭಿಣಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಮಧುಮೇಹದ ಮಾತ್ರೆ ಮುಗಿದ ತಾಯಿಗೂ, ಎದೆಯಲ್ಲಿ ಗಂಟು ಕಂಡರೂ 'ಎಲ್ಲ ಮುಗಿಯಲಿ, ಆಮೇಲೆ ನೋಡೋಣ' ಎಂದು ಸುಮ್ಮನಾದ ಸೋದರಿಗೂ ಇರಲಿಲ್ಲ. ಕೊರೋನಾದ ದಿನಗಳು ಕಳೆದಿವೆ. ಆದರೆ ಲೆಕ್ಕಕ್ಕೆ ಸಿಗದ ಈ ನಷ್ಟದ ಬಗ್ಗೆ ನಾವು ಇನ್ನೂ ಗಂಭೀರವಾಗಿ ಚರ್ಚಿಸಿಲ್ಲ. ಈ ಚರ್ಚೆಗೆ ಕೊಡಗಿಗಿಂತ ಸೂಕ್ತವಾದ ಉದಾಹರಣೆ ಬೇರೆ ಬೇಕಿಲ್ಲ.

2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ತಜ್ಞ ವೈದ್ಯರು ಬೇಕಾದರೆ ಮೈಸೂರಿಗೋ ಮಂಗಳೂರಿಗೋ ನೂರಕ್ಕೂ ಹೆಚ್ಚು ಕಿಲೋಮೀಟರ್ ಘಟ್ಟದ ದಾರಿ ಸವೆಸಬೇಕು. 2018ರ ಆಗಸ್ಟ್‌ನ ಭೂಕುಸಿತ, 2019ರ ಪ್ರವಾಹಗಳಿಂದ ಜಿಲ್ಲೆ ಚೇತರಿಸಿಕೊಳ್ಳುವ ಮೊದಲೇ ಕೊರೋನಾ ಬಂದಿತ್ತು. 2020ರ ಮಾರ್ಚ್ 19ರಂದು ಜಿಲ್ಲೆಯ ಮೊದಲ ಪ್ರಕರಣ ದೃಢಪಟ್ಟಿತು. ಮಾರ್ಚ್ 25ರಿಂದ ದೇಶವೇ ಸ್ತಬ್ಧವಾಯಿತು. ಮಡಿಕೇರಿಯ ಜಿಲ್ಲಾಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ರೋಗಿಗಳಿಗೆ ಅದರ ಅಗತ್ಯವಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಇಡೀ ಜಿಲ್ಲೆಯ ಬಡ ಕುಟುಂಬಗಳು ನಂಬಿದ್ದ ಸರಕಾರಿ ಆಸ್ಪತ್ರೆಯೂ ಅದೇ ಆಗಿತ್ತು. ಕಾಫಿ ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕ ಮಹಿಳೆಗೆ ಬಸ್ಸು ನಿಂತರೆ ಆಸ್ಪತ್ರೆಯೂ ನಿಂತಂತೆಯೇ ಅಲ್ಲವೇ?

ಇನ್ನೊಂದು ಕಡೆ ಗಡಿಗಳು ಮುಚ್ಚಿದವು. ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗುವ ಮಾಕುಟ್ಟ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿಯಲಾಯಿತು. ವಿರಾಜಪೇಟೆ, ಸಿದ್ದಾಪುರ, ನಾಪೋಕ್ಲು ಭಾಗದ ಅನೇಕ ಮುಸ್ಲಿಮ್ ಕುಟುಂಬಗಳಿಗೆ ಕಣ್ಣೂರು, ವಯನಾಡು, ಕಾಸರಗೋಡು ಜಿಲ್ಲೆಗಳು ನೆರೆರಾಜ್ಯವಷ್ಟೇ ಅಲ್ಲ, ತವರೂ ಹೌದು. ಮೊದಲ ಹೆರಿಗೆಗೆ ಮಗಳು ತವರಿಗೆ ಬರುವುದು, ತಾಯಿ ಬಾಣಂತನ ಮಾಡುವುದು ನಮ್ಮ ಮನೆಗಳ ಹಳೆಯ ರೂಢಿ. ಕರಿಕೆಯವರಿಗೆ ಕೇರಳದ ಪಾಣತ್ತೂರು, ಕಾಞಂಗಾಡುಗಳೇ ಹತ್ತಿರದ ಪೇಟೆಗಳು. ಈ ದಾರಿಗಳ ಮೇಲೆ ಮಣ್ಣು ಬಿದ್ದಾಗ ಹೆಣ್ಣುಮಕ್ಕಳ ಪಾಲಿಗೆ ತವರು ಮತ್ತು ಆಸ್ಪತ್ರೆ ಎರಡೂ ಒಮ್ಮೆಗೇ ದೂರವಾದವು.

ಗಡಿ ವಿವಾದ ಕೇರಳ ಹೈಕೋರ್ಟಿನಿಂದ ಸುಪ್ರೀಮ್ ಕೋರ್ಟಿನವರೆಗೂ ಹೋಯಿತು. ಕೊನೆಗೆ ತಲಪಾಡಿಯಲ್ಲಿ ತುರ್ತು ಚಿಕಿತ್ಸೆಯ ರೋಗಿಗಳನ್ನು ಬಿಡಲು 2020ರ ಎಪ್ರಿಲ್‌ನಲ್ಲಿ ಒಪ್ಪಲಾಯಿತು. ಇಲ್ಲಿ 'ತುರ್ತು' ಎಂಬ ಪದವನ್ನು ಗಮನಿಸಬೇಕು. ಹೃದಯಾಘಾತ ತುರ್ತು, ಅಪಘಾತ ತುರ್ತು. ಹಾಗಾದರೆ ಏಳನೇ ತಿಂಗಳ ತಪಾಸಣೆ? ರಕ್ತದೊತ್ತಡದ ಪರೀಕ್ಷೆ? ಇವು ತುರ್ತಿನ ಪಟ್ಟಿಯಲ್ಲಿಲ್ಲ. ಆದರೆ ಗರ್ಭಾವಸ್ಥೆಯ ರಕ್ತದೊತ್ತಡ ಹೆಚ್ಚಿನ ಸಂದರ್ಭಗಳಲ್ಲಿ ಯಾವ ನೋವನ್ನೂ ಕೊಡದೆ ಏರುತ್ತದೆ. ಅದನ್ನು ಕಂಡುಹಿಡಿಯುವುದು ಆ 'ತುರ್ತಲ್ಲದ' ತಪಾಸಣೆಯೇ. ತಪಾಸಣೆ ತಪ್ಪಿದರೆ ಕೆಲವೇ ವಾರಗಳಲ್ಲಿ ಅದು ಅಪಸ್ಮಾರವಾಗಿ, ತಾಯಿ-ಮಗುವಿನ ಜೀವಕ್ಕೆ ಕುತ್ತಾಗಿ ಎದುರಾಗಬಹುದು. ರಕ್ತಹೀನತೆಯೂ ಹಾಗೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರ ಪೈಕಿ 47.8 ಶೇಕಡಾ ಮಂದಿ ರಕ್ತಹೀನರು. ಅಂದರೆ ಸರಿಸುಮಾರು ಇಬ್ಬರಲ್ಲಿ ಒಬ್ಬರು. ಅವರಿಗೆ ಕಬ್ಬಿಣಾಂಶದ ಮಾತ್ರೆ ಎರಡು ತಿಂಗಳು ತಪ್ಪಿದರೆ, ಅದರ ಬೆಲೆಯನ್ನು ಹೆರಿಗೆಯ ಕೋಣೆಯಲ್ಲಿ ತೆರಬೇಕಾಗುತ್ತದೆ.

ಇದು ಮೊದಲೇ ಗೊತ್ತಿರದ ಸಂಗತಿಯಲ್ಲ. 2014-15ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹರಡಿದಾಗ ಗರ್ಭಿಣಿಯರು ಭಯದಿಂದ ಆಸ್ಪತ್ರೆಗಳಿಂದ ದೂರವುಳಿದರು. ಸೇವೆಗಳ ಬಳಕೆ ಕುಸಿದುದರಿಂದ ತಾಯಂದಿರ ಸಾವು, ನವಜಾತ ಶಿಶುಗಳ ಸಾವು ಮತ್ತು ನಿರ್ಜೀವ ಜನನ ಸೇರಿ ಸುಮಾರು 3,600 ಹೆಚ್ಚುವರಿ ಸಾವುಗಳು ಸಂಭವಿಸಿರಬಹುದೆಂದು ಸಂಶೋಧಕರು ಅಂದಾಜಿಸಿದ್ದರು. ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ 2020ರ ಎಪ್ರಿಲ್ 14ರಂದು, ಹೆರಿಗೆ ಮತ್ತು ಲಸಿಕೆಯಂತಹ ಅಗತ್ಯ ಸೇವೆಗಳು ನಿಲ್ಲಬಾರದೆಂದು ಮಾರ್ಗದರ್ಶಿಯನ್ನು ಹೊರಡಿಸಿತು. ಆದರೆ ಆ ವೇಳೆಗೆ ಲಾಕ್‌ಡೌನ್‌ಗೆ ಮೂರು ವಾರಗಳಾಗಿದ್ದವು. ಕಾಗದದಲ್ಲಿದ್ದುದು ಬಾಗಿಲಿಗೆ ತಲುಪಲೂ ಇಲ್ಲ. ಅದೇ ವರ್ಷದ ಜುಲೈಯಲ್ಲಿ, ಆಸ್ಪತ್ರೆಗಳು ಯಥೇಷ್ಟವಿರುವ ಬೆಂಗಳೂರಿನಲ್ಲೇ, ಒಂದರಿಂದ ಇನ್ನೊಂದಕ್ಕೆ ಅಲೆದ ಗರ್ಭಿಣಿಯೊಬ್ಬರು ಆಟೋರಿಕ್ಷಾದಲ್ಲಿ ಹೆತ್ತರು. ಮಗು ಉಳಿಯಲಿಲ್ಲ. ರಾಜಧಾನಿಯ ಸ್ಥಿತಿಯೇ ಹೀಗಿದ್ದರೆ ಘಟ್ಟದ ಊರುಗಳ ಬಗ್ಗೆ ಹೇಳುವುದೇನಿದೆ?

ಈ ಕಂದಕವನ್ನು ತುಂಬಲು ಹೆಣಗಿದವರು ಆಶಾ ಕಾರ್ಯಕರ್ತೆಯರು. ಗರ್ಭಿಣಿಯ ತಾಯಿ ಕಾರ್ಡ್ ನೋಡುವುದು ಅವರ ಕೆಲಸ. ಅದರ ಜೊತೆಗೆ ಕ್ವಾರಂಟೈನ್‌ನಲ್ಲಿರುವವರನ್ನು ಎಣಿಸುವ ಕೆಲಸವೂ ಹೆಗಲೇರಿತು. 2020ರ ಜುಲೈಯಲ್ಲಿ ಅವರು ಮಾಸಿಕ 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರಕ್ಕಿಳಿಯಬೇಕಾಯಿತು. ಅವರ ಮೇಲೆ ಹೂ ಸುರಿದವರು ಬೇಡಿಕೆಗೆ ಕಿವಿಗೊಡಲು ಹಿಂದೇಟು ಹಾಕಿದರು.

ಆದರೆ ಸರಕಾರವನ್ನು ಮಾತ್ರ ಕಟಕಟೆಗೆ ತಂದರೆ ಸಾಲದು. 2020ರ ಎಪ್ರಿಲ್‌ನಲ್ಲಿ ಕೊರೋನಾಕ್ಕೆ ಧರ್ಮದ ಬಣ್ಣ ಬಳಿದವರು ಮುಸ್ಲಿಮರನ್ನು ಸಂಶಯದ ಮೊನೆಯಲ್ಲಿ ನಿಲ್ಲಿಸಿದರು. ಬುರ್ಖಾ ಧರಿಸಿ ಆಸ್ಪತ್ರೆಗೆ ಹೋದರೆ ಏನೆನ್ನುವರೋ ಎಂಬ ಅಂಜಿಕೆಗೆ ಆ ಅಪಪ್ರಚಾರವೇ ಹೊಣೆ. ಎನ್‌ಆರ್‌ಸಿಯ ಆತಂಕ ಇನ್ನೂ ಆರಿರಲಿಲ್ಲವಾದ್ದರಿಂದ ಮನೆಗೆ ಬಂದು ವಿವರ ಕೇಳುವವರನ್ನು ಜನರು ಅನುಮಾನಿಸಿದ್ದೂ ಅರ್ಥವಾಗುವಂಥದ್ದೇ. ಆದರೆ ಬೆಂಗಳೂರಿನ ಸಾದಿಕ್ ಲೇಔಟ್‌ನಲ್ಲಿ ಆರೋಗ್ಯ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯನ್ನು ತಡೆದು ನಿಂದಿಸಿದುದನ್ನು ಯಾವ ಆತಂಕವೂ ಸಮರ್ಥಿಸದು. ಆಶಾ ಕಾರ್ಯಕರ್ತೆಗೆ ಬಾಗಿಲು ಮುಚ್ಚಿದರೆ ನಷ್ಟ ಆಕೆಗಲ್ಲ, ಒಳಗಿರುವ ಗರ್ಭಿಣಿಗೆ.

ಇನ್ನು, ನಮ್ಮ ಮನೆಗಳೊಳಗಿನ ಪಟ್ಟಿಯನ್ನೂ ನೋಡೋಣ. ಪತಿಯ ಜ್ವರ, ಮಕ್ಕಳ ಕೆಮ್ಮು, ಅತ್ತೆಯ ಮಂಡಿನೋವು - ಎಲ್ಲ ಮುಗಿದ ಮೇಲೆ ಕೊನೆಯ ಸ್ಥಾನ ಗೃಹಿಣಿಯದ್ದು. ಕೊರೋನಾಕ್ಕಿಂತ ಮೊದಲೂ ಹಾಗೆಯೇ ಇತ್ತು. ಲಾಕ್‌ಡೌನ್ ಅದಕ್ಕೊಂದು ಸಬೂಬು ಒದಗಿಸಿತು ಅಷ್ಟೇ. 30ರಿಂದ 49 ವರ್ಷದ ಭಾರತೀಯ ಮಹಿಳೆಯರ ಪೈಕಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಶೇಕಡಾ 2ಕ್ಕಿಂತಲೂ ಕಡಿಮೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಇದನ್ನು ಯಾವ ವೈರಸ್ಸಿನ ಮೇಲೆ ಹೊರಿಸೋಣ?

ಪ್ಲೇಗ್ ಹರಡಿದ ಊರಿಗೆ ಹೋಗಬೇಡಿ, ಆ ಊರಲ್ಲಿದ್ದರೆ ಹೊರಡಬೇಡಿ ಎಂಬ ಪ್ರವಾದಿ(ಸ)ರ ಬೋಧನೆಯನ್ನು ಲಾಕ್‌ಡೌನ್‌ನಲ್ಲಿ ನಾವೆಲ್ಲ ನೆನಪಿಸಿಕೊಂಡೆವು. ಅದೇ ಪ್ರವಾದಿ(ಸ)ರ ಕಾಲದಲ್ಲಿ ಮದೀನಾದ ಮಸೀದಿಯ ಆವರಣದಲ್ಲಿ ರುಫೈದಾ(ರ) ಎಂಬ ಮಹಿಳೆಯ ಶುಶ್ರೂಷಾ ಡೇರೆಯಿತ್ತು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಆರೈಕೆಗೆ ಸೇರಿಸಿದ್ದು ಆ ಡೇರೆಗೇ. ಇದನ್ನು ನಾವು ಅಷ್ಟಾಗಿ ನೆನಪಿಸಿಕೊಳ್ಳಲಿಲ್ಲ. ಕೊರೋನಾ ಕಾಲದಲ್ಲಿ ನಮ್ಮ ಯುವಕರು ಆಹಾರದ ಕಿಟ್ ಹಂಚಿದರು, ಮೃತದೇಹಗಳನ್ನು ಗೌರವದಿಂದ ದಫನ ಮಾಡಿದರು. ಇಷ್ಟು ಮಾಡಬಲ್ಲ ಜಮಾಅತ್‌ಗಳಿಗೆ, ತಮ್ಮ ವ್ಯಾಪ್ತಿಯ ಗರ್ಭಿಣಿಯರನ್ನು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರಕ್ಕೆ ತಲುಪಿಸಲು ಒಂದು ವಾಹನ ಗೊತ್ತುಪಡಿಸುವುದು ಕಷ್ಟವೇ? ಮದ್ರಸದ ಸಭಾಂಗಣವನ್ನು ರಕ್ತದೊತ್ತಡ, ಮಧುಮೇಹ, ರಕ್ತಹೀನತೆಯ ತಪಾಸಣೆಗೆ ಮಹಿಳಾ ಸಿಬ್ಬಂದಿಗೆ ಬಿಟ್ಟುಕೊಡುವುದು ಅಸಾಧ್ಯವೇ?

ಸರಕಾರದ ಮುಂದೆಯೂ ಬೇಡಿಕೆ ಸ್ಪಷ್ಟವಿರಲಿ. ಇನ್ನೊಂದು ಸಾಂಕ್ರಾಮಿಕ ಬಂದಾಗ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗಕ್ಕೆ ಪ್ರತ್ಯೇಕ ಕಟ್ಟಡ ಮತ್ತು ಸಿಬ್ಬಂದಿ ಮೊದಲ ದಿನದಿಂದಲೇ ಇರಬೇಕು. ತಾಯಿ ಕಾರ್ಡನ್ನೇ ಪ್ರಯಾಣದ ಪಾಸ್ ಎಂದು ಪೊಲೀಸರು ಮಾನ್ಯ ಮಾಡಬೇಕು. ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಗರ್ಭಿಣಿಯ ದಿನನಿತ್ಯದ ತಪಾಸಣೆಯೂ ಚಿಕಿತ್ಸೆಯೆಂದೇ ಪರಿಗಣನೆಯಾಗಬೇಕು. ಗರ್ಭಿಣಿಯರಿಗೆ ಕೊರೋನಾ ಲಸಿಕೆಗೆ ಅನುಮತಿ ಸಿಕ್ಕಿದ್ದು 2021ರ ಜುಲೈಯಲ್ಲಿ, ಅಂದರೆ ಲಸಿಕೆ ಅಭಿಯಾನ ಆರಂಭವಾಗಿ ಐದು ತಿಂಗಳುಗಳ ಬಳಿಕ, ಎರಡನೇ ಅಲೆ ತನ್ನ ಬಲಿ ಪಡೆದ ಮೇಲೆ. ಪಟ್ಟಿ ತಯಾರಿಸುವಾಗ ಮಹಿಳೆಯನ್ನು ಕೊನೆಗೆ ನೆನೆಯುವ ಅಭ್ಯಾಸ ಮನೆಯಲ್ಲೂ ಇದೆ, ಇಲಾಖೆಯಲ್ಲೂ ಇದೆ. ಇಲಾಖೆಯನ್ನು ಪ್ರಶ್ನಿಸುವ ನೈತಿಕ ಬಲ ನಮಗೆ ಬರಬೇಕಾದರೆ, ಬದಲಾವಣೆ ನಮ್ಮ ಮನೆಗಳಿಂದಲೇ ಪ್ರಾರಂಭವಾಗಬೇಕು. ಈ ತಿಂಗಳ ತಪಾಸಣೆ ಆಯಿತೇ ಎಂದು ಪತ್ನಿಯನ್ನು, ತಾಯಿಯನ್ನು, ಸೋದರಿಯನ್ನು ಕೇಳಲು ಯಾವ ಆದೇಶವೂ ಬೇಕಿಲ್ಲ.