ಸ್ಪರ್ಧೆಯ ಒಲೆ, ಸಂಸಾರದ ಒಲೆ



ದೇವದುರ್ಗ ತಾಲ್ಲೂಕಿನ ಗೂಗಲ್ ಕ್ಷೇತ್ರದಲ್ಲಿ ಅಲ್ಲಮಪ್ರಭುವಿನ ದರ್ಶನ ಮುಗಿಸಿ ಕೃಷ್ಣೆಯ ದಂಡೆಯಲ್ಲಿ ಕುಳಿತಿದ್ದೆ. ಸಮೀಪದಲ್ಲಿ ಬುತ್ತಿ ಬಿಚ್ಚಿದ್ದ ಕುಟುಂಬವೊಂದರ ತಾಯಿ ತಮ್ಮ ಮಗಳನ್ನು ಗದರುತ್ತಿದ್ದರು. ಮಗಳ ಕೈಯಲ್ಲಿ ಇಂಗ್ಲಿಷ್ ಪ್ರೇಮಕಾದಂಬರಿಯೊಂದಿತ್ತು. “ರೊಟ್ಟಿ ಬಡಿಯೋದು ಕಲಿ ಅಂದ್ರ, ಅಡಿಗಿ ಮಾಡೋರ ಪ್ರೇಮದ ಕತಿ ಓದಕೋಂತ ಕುಂತಾಳ ನೋಡ್ರಿ!” ಎಂದು ಅವರು ನನ್ನತ್ತ ತಿರುಗಿ ದೂರಿದರು. ಆ ಮಗು ತಲೆ ತಗ್ಗಿಸಿತು. ಅಂದು ನಕ್ಕು ಸುಮ್ಮನಾದ ನಾನು, ಅನಂತರ ಆ ಪುಸ್ತಕವನ್ನು ಓದಿದೆ.

ಭಾರತ ಮೂಲದ ಲೇಖಕಿ ಸೊನಾಲಿ ದೇವ್ ಅವರು 2020ರಲ್ಲಿ ಪ್ರಕಟಿಸಿದ ‘ರೆಸಿಪಿ ಫಾರ್ ಪರ್ಸುಯೇಷನ್’ ಎಂಬ ಕೃತಿ ಅದು. ಅಮೆರಿಕದಲ್ಲಿ ತಂದೆಯ ಉಪಾಹಾರ ಗೃಹವನ್ನು ಉಳಿಸಿಕೊಳ್ಳಲು ಹೆಣಗುವ ಆಶ್ನಾ ಎಂಬ ಬಾಣಸಿಗಳು ದೂರದರ್ಶನದ ಅಡುಗೆ ಸ್ಪರ್ಧೆಗೆ ಇಳಿಯುತ್ತಾಳೆ. ಅಲ್ಲಿ ಅವಳ ಜೊತೆಗಾರನಾಗಿ ಬರುವವನು ಹಿಂದೊಮ್ಮೆ ಪ್ರೀತಿಸಿ ದೂರವಾಗಿದ್ದ ಕಾಲ್ಚೆಂಡಿನ ಆಟಗಾರ ರೀಕೊ. ಒಂದೇ ಒಲೆಯ ಮುಂದೆ ಜೋಡಿಯಾಗಿ ನಿಲ್ಲಬೇಕಾದವರು ಒಳಗೊಳಗೆ ಎದುರಾಳಿಗಳು. ಹಳೆಯ ನೋವನ್ನು ಬಾಯಿಬಿಟ್ಟು ಆಡಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಲು ಕಲಿತಾಗಲೇ ಅವರ ಬಾಳು ಹದಗೊಳ್ಳುತ್ತದೆ.

ಇದನ್ನು ಓದುವಾಗ ನಮ್ಮ ಜಿಲ್ಲೆಯವರೇ ಆದ ದಂಪತಿಗಳ ನೆನಪಾಯಿತು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ! ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಅಲ್ಲಮಪ್ರಭುವಿನೊಡನೆ ಅನುಭಾವದಲ್ಲಿ ಮಾರಯ್ಯ ಮೈಮರೆತಾಗ, ಕಾಯಕ ನಿಂತುಹೋದುದನ್ನು ನೆನಪಿಸಿದವಳು ಲಕ್ಕಮ್ಮ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ತಿದ್ದಿದವಳೂ ಅವಳೇ. ಮಾರಯ್ಯ ಮುನಿಯಲಿಲ್ಲ; ಮಡದಿಯ ಮಾತನ್ನು ನಡೆಸಿದ. ಗೆಲ್ಲಬೇಕೆಂಬ ಹಟ ಇಬ್ಬರಲ್ಲೂ ಇರಲಿಲ್ಲ. ಸತಿಪತಿಗಳೊಂದಾಗುವುದೆಂದರೆ ಒಬ್ಬರು ಇನ್ನೊಬ್ಬರಲ್ಲಿ ಕರಗಿಹೋಗುವುದಲ್ಲ, ತಿದ್ದುವ ಮತ್ತು ತಿದ್ದಿಸಿಕೊಳ್ಳುವ ಸಮಾನತೆ ಎಂಬುದನ್ನು ಆ ಮನೆ ಕಾಣಿಸಿತು.

ನಮ್ಮ ಮನೆಗಳ ಸ್ಥಿತಿ ಹೇಗಿದೆ? ಜಾತ್ರೆಯ ದಾಸೋಹದಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಹುಗ್ಗಿ ತಿರುವುವವರು ಬಹುಪಾಲು ಗಂಡಸರೇ. ಅದನ್ನು ಸೇವೆಯೆಂದು ಹೆಮ್ಮೆಪಡುತ್ತೇವೆ. ‘ಒಗ್ಗರಣೆ ಡಬ್ಬಿ’ಯಂತಹ ಕಾರ್ಯಕ್ರಮಗಳಲ್ಲಿ ಪುರುಷರು ಅಡುಗೆ ಮಾಡಿ ತೋರಿಸಿದಾಗ ಮೆಚ್ಚಿ ನೋಡಿದ್ದೇವೆ. ಆದರೆ ಕೊಪ್ಪರಿಗೆ ಎತ್ತಿದ ಅದೇ ಕೈ ಮನೆಗೆ ಬಂದೊಡನೆ ನೀರಿನ ಲೋಟವನ್ನೂ ತಾನಾಗಿ ಎತ್ತಿಕೊಳ್ಳದು! ಮಠದಲ್ಲಿ ಕಾಯಕವಾದದ್ದು ಮನೆಯಲ್ಲಿ ಹೆಂಗಸಿನ ಹಣೆಬರಹವಾದದ್ದು ಹೇಗೆ?

ಹೆಣ್ಣುಮಕ್ಕಳು ಪ್ರೇಮಕಥೆ ಓದಿದರೆ ಕೆಡುತ್ತಾರೆಂದು ಹೆದರುವ ತಾಯಂದಿರಲ್ಲಿ ನನ್ನದೊಂದು ವಿನಂತಿ. ಪುಸ್ತಕವನ್ನು ಕಸಿದುಕೊಳ್ಳಬೇಡಿ, ಜೊತೆಗೆ ಕುಳಿತು ಓದಿ. ಇಂತಹ ಕಥೆಗಳು ಸಾಮಾನ್ಯವಾಗಿ ಇಬ್ಬರೂ ಒಂದಾಗುವಲ್ಲಿಗೆ ಮುಗಿಯುತ್ತವೆ. “ಮರುದಿನ ಬೆಳಿಗ್ಗೆ ಒಲೆ ಹೊತ್ತಿಸುವವರು ಯಾರು?” ಎಂದು ಮಗಳನ್ನು ಕೇಳಿ. ಆ ಪ್ರಶ್ನೆಯನ್ನು ಮನದಲ್ಲಿಟ್ಟುಕೊಂಡ ಹುಡುಗಿ ಮೋಹಕ್ಕೆ ಸುಲಭವಾಗಿ ಮರುಳಾಗಳು. ವರನನ್ನು ನೋಡುವಾಗಲೂ ಹೊಲ, ನೌಕರಿಗಳನ್ನಷ್ಟೇ ಅಳೆಯಳು.

ಅದೇ ಪ್ರಶ್ನೆಯನ್ನು ಮಗನಿಗೂ ಕೇಳುವುದನ್ನು ಮರೆಯದಿರಿ. ರೊಟ್ಟಿ ಬಡಿಯಲು ಬಾರದ ಮಗಳ ಬಗ್ಗೆ ಚಿಂತಿಸುವ ನಾವು, ರೊಟ್ಟಿ ಬೇಯಿಸಲು ಬಾರದ ಮಗನ ಬಗ್ಗೆ ಒಂದು ದಿನವಾದರೂ ಚಿಂತಿಸಿದ್ದೇವೆಯೇ? ಗೂಗಲ್ಲಿನ ಆ ತಾಯಿಗೆ ಅಂದು ಹೇಳದೆ ಉಳಿದ ಮಾತಿದು. ಇಂದು ಈ ಪುಟದ ಮೂಲಕ ಹೇಳುತ್ತಿದ್ದೇನೆ.