ಶ್ರಮಪ್ರೇಮಿಯ ಮಾತ್ರೆ

ಟೋಕಿಯೊದ ರೈಲು ನಿಲ್ದಾಣಗಳ ಮಳಿಗೆಗಳಲ್ಲಿ, ಹಗಲು ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗಳಲ್ಲಿ ‘ಗ್ಯಾಬಾ’ ಎಂಬ ಹೆಸರಿನ ಚಾಕೊಲೇಟು ಸಿಗುತ್ತದೆ. ಗ್ಲಿಕೊ ಕಂಪನಿ 2005ರಲ್ಲಿ ಮಾರುಕಟ್ಟೆಗೆ ತಂದ ಈ ಸಿಹಿಯ ಪೊಟ್ಟಣದ ಮೇಲೆ ಈಗ ಒಂದು ಘೋಷಣೆಯಿದೆ. ಕಚೇರಿ ಕೆಲಸದಿಂದ ಉಂಟಾಗುವ ತಾತ್ಕಾಲಿಕ ಮಾನಸಿಕ ಒತ್ತಡವನ್ನು ತಗ್ಗಿಸುವ ಗುಣ ಇದರೊಳಗಿನ ವಸ್ತುವಿಗೆ ಇದೆಯೆಂದು ವರದಿಯಾಗಿದೆ ಎಂಬುದು ಅದರ ತಾತ್ಪರ್ಯ. ಜಪಾನಿನ ದುಡಿಮೆಯ ಬದುಕಿನ ಬಗ್ಗೆ ಇಷ್ಟು ಪ್ರಾಮಾಣಿಕವಾದ ವಾಕ್ಯ ಸರ್ಕಾರಿ ಕಡತಗಳಲ್ಲೂ ಅಪರೂಪ. ಆತಂಕದ ಮೂಲ ಎಲ್ಲಿದೆಯೆಂದು ಪೊಟ್ಟಣಕ್ಕೆ ತಿಳಿದಿದೆ. ಆದರೂ ಮದ್ದು ತಿನ್ನಬೇಕಾದದ್ದು ಕಚೇರಿಯಲ್ಲ, ಅಲ್ಲಿ ದುಡಿಯುವವರು.

ಗ್ಯಾಬಾ ಎಂಬುದು ನರಕೋಶಗಳ ಉದ್ರೇಕವನ್ನು ತಗ್ಗಿಸುವ, ಮಿದುಳಿನಲ್ಲಿ ಸಹಜವಾಗಿಯೇ ಇರುವ ರಾಸಾಯನಿಕ. ಡಯಾಜೆಪಾಮ್, ಆಲ್ಪ್ರಜೋಲಾಮ್ ಮೊದಲಾದ ಆತಂಕನಿವಾರಕ ಮಾತ್ರೆಗಳು ಕೆಲಸ ಮಾಡುವುದು ಇದರ ಪ್ರಭಾವವನ್ನು ಹೆಚ್ಚಿಸುವುದರ ಮೂಲಕ. ಆದರೆ ಬಾಯಿಂದ ತಿಂದ ಗ್ಯಾಬಾ ರಕ್ತದಿಂದ ಮಿದುಳಿಗೆ ದಾಟುತ್ತದೆಯೇ, ದಾಟಿದರೂ ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ವ್ಯವಸ್ಥೆಯ ಪ್ರಕಾರ ಇಂಥ ಆಹಾರಗಳ ಗುಣವನ್ನು ಸಾರಲು ಸರ್ಕಾರದ ಅನುಮೋದನೆ ಬೇಕಿಲ್ಲ. ತಯಾರಕರು ತಮ್ಮ ಆಧಾರಗಳನ್ನು ಗ್ರಾಹಕ ವ್ಯವಹಾರಗಳ ಇಲಾಖೆಗೆ ಸಲ್ಲಿಸಿದರೆ ಸಾಕು. ಆರ್ಥಿಕ ಬೆಳವಣಿಗೆಯ ಹೆಸರಿನಲ್ಲಿ ಆಬೆ ಸರ್ಕಾರ ಕೊಟ್ಟ ಸಡಿಲಿಕೆ ಇದು. ಇದೇ ವ್ಯವಸ್ಥೆಯಡಿ ಮಾರಾಟವಾಗುತ್ತಿದ್ದ, ಕೊಲೆಸ್ಟರಾಲ್ ಇಳಿಸುವುದಾಗಿ ಹೇಳಿಕೊಂಡ ಕೊಬಯಾಶಿ ಕಂಪನಿಯ ಕೆಂಪು ಹುದುಗಕ್ಕಿಯ ಮಾತ್ರೆ ನುಂಗಿದವರ ಮೂತ್ರಪಿಂಡಗಳು ಕೆಟ್ಟ ಸುದ್ದಿ 2024ರ ಮಾರ್ಚ್‌ನಲ್ಲಿ ಹೊರಬಿದ್ದ ಮೇಲಷ್ಟೇ ನಿಯಮಗಳು ಬಿಗಿಯಾಗತೊಡಗಿದವು.

ಚಾಕೊಲೇಟು ತಿಂದು ಯಾರೂ ಸಾಯುವುದಿಲ್ಲ, ನಿಜ. ಆದರೆ ದುಡಿಯುವವರ ದಣಿವನ್ನೂ ದಿಗಿಲನ್ನೂ ಒಂದು ವಸ್ತುವಿನಿಂದ ಅಡಗಿಸಿ, ಅವರನ್ನು ಮತ್ತೆ ನೊಗಕ್ಕೆ ಹೂಡುವ ಆಲೋಚನೆ ಜಪಾನಿನಲ್ಲಿ ಈ ಚಾಕೊಲೇಟಿಗಿಂತ ಬಹಳ ಹಳೆಯದು.

ನಾಗಾಯಿ ನಾಗಾಯೋಶಿ ಎಂಬ ರಸಾಯನಶಾಸ್ತ್ರಜ್ಞರು 1885ರಲ್ಲಿ, ಕೆಮ್ಮು ದಮ್ಮುಗಳಿಗೆ ಬಳಸುತ್ತಿದ್ದ ಮಾಹುವಾಂಗ್ ಎಂಬ ಚೀನೀ ಮೂಲಿಕೆಯಿಂದ ಎಫೆಡ್ರಿನ್ ಅನ್ನು ಬೇರ್ಪಡಿಸಿದರು. 1893ರಲ್ಲಿ ಅದರಿಂದಲೇ ಮೆಥಾಂಫೆಟಮಿನ್ ತಯಾರಿಸಿದರು. ಅರ್ಧ ಶತಮಾನದ ನಂತರ, 1941ರಲ್ಲಿ, ದಾಯ್‌ನಿಪ್ಪೊನ್ ಔಷಧ ಕಂಪನಿ ಅದನ್ನು ‘ಫಿಲೊಪೊನ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಜಪಾನೀಯರ ಬಾಯಲ್ಲಿ ಅದು ‘ಹಿರೊಪೊನ್’ ಆಯಿತು. ದಣಿವು ಕಳೆಯಲು, ನಿದ್ದೆ ಓಡಿಸಲು, ಕೆಲಸದ ವೇಗ ಹೆಚ್ಚಿಸಲು ಎಂದು ಜಾಹೀರಾತು. ಹೆಸರಿನ ಮೂಲ ಗ್ರೀಕ್ ಭಾಷೆಯದು, ಅರ್ಥ ಶ್ರಮವನ್ನು ಪ್ರೀತಿಸುವವನು. ಕಾಯಕದ ಹಿರಿಮೆಯನ್ನು ಕೇಳುತ್ತ ಬೆಳೆದ ಕನ್ನಡಿಗರಿಗೆ ಈ ಹೆಸರು ಕಿವಿಗೆ ಹಿತವಾಗಿಯೇ ಬೀಳಬಹುದು. ಆದರೆ ಶರಣರ ಕಾಯಕದ ಜೊತೆಗೆ ದಾಸೋಹವೂ ಇತ್ತು, ದುಡಿದದ್ದು ಯಾರಿಗೆ ಸೇರುತ್ತದೆ ಎಂಬ ಪ್ರಶ್ನೆಯೂ ಇತ್ತು. ಫಿಲೊಪೊನ್‌ನ ಶ್ರಮಪ್ರೇಮದಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಯುದ್ಧಸಾಮಗ್ರಿ ತಯಾರಿಸುವ ಕಾರ್ಖಾನೆಗಳ ರಾತ್ರಿ ಪಾಳಿಗೆ ಅದು ಹೋಯಿತು, ಸೈನ್ಯಕ್ಕೆ ಹೋಯಿತು. ಹಸಿರು ಚಹಾದ ಪುಡಿಯೊಡನೆ ಬೆರೆಸಿದ ಮಾತ್ರೆಗಳು ‘ದಾಳಿ ಮಾತ್ರೆ’ ಎಂಬ ಹೆಸರಿನಲ್ಲಿ ಆತ್ಮಾಹುತಿ ವಿಮಾನಗಳನ್ನೇರುವ ಹುಡುಗರ ಕೈಗೂ ಬಂದವು. 1943ರಲ್ಲಿ ವಿದ್ಯಾರ್ಥಿಗಳಿಗಿದ್ದ ಸೇನಾಸೇವೆಯ ವಿನಾಯಿತಿಯನ್ನು ತೆಗೆದುಹಾಕಿ, ಕಾಲೇಜಿನ ಬೆಂಚುಗಳಿಂದ ಎಬ್ಬಿಸಿ ತಂದ ಹುಡುಗರೂ ಅವರಲ್ಲಿದ್ದರು. ಸಾವಿನ ಎದುರು ಇಪ್ಪತ್ತರ ಹರೆಯದವನಿಗೆ ಭಯವಾಗುವುದು ಯಾವ ಕಾಯಿಲೆಯ ಲಕ್ಷಣವೂ ಅಲ್ಲ. ಆ ಭಯವೊಂದೇ ಅಂದು ಅವನ ಪರವಾಗಿ ಮಾತಾಡುತ್ತಿದ್ದ ದನಿ. ಅದನ್ನೂ ಸುಮ್ಮನಾಗಿಸಲಾಯಿತು.

ಯುದ್ಧ ಮುಗಿದ ಮೇಲೆ ಉಳಿದ ದಾಸ್ತಾನು ಪೇಟೆಗೆ ಹರಿಯಿತು. ಸುಟ್ಟ ಊರುಗಳಲ್ಲಿ ಹಸಿವೆಯನ್ನೂ ನೆನಪುಗಳನ್ನೂ ಮರೆಯಬೇಕಾದವರು, ರಾತ್ರಿ ದುಡಿಯುವವರು, ಅನಾಥ ಹುಡುಗರು ಅದನ್ನು ಚುಚ್ಚಿಕೊಂಡರು. ಲೇಖಕ ಸಕಾಗುಚಿ ಆಂಗೊ ಬರೆಯಲು ಫಿಲೊಪೊನ್, ಮಲಗಲು ನಿದ್ದೆ ಮಾತ್ರೆ ಎಂದು ಎರಡರ ನಡುವೆ ಜೀಕಿ 1949ರಲ್ಲಿ ಆಸ್ಪತ್ರೆ ಸೇರಿದರು. 1951ರಲ್ಲಿ ಉತ್ತೇಜಕ ಔಷಧಗಳ ನಿಯಂತ್ರಣ ಕಾಯ್ದೆ ಬಂತು. 1954ರ ಒಂದೇ ವರ್ಷದಲ್ಲಿ 55 ಸಾವಿರಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. ಮಾತ್ರೆಯನ್ನು ಹಂಚಿದ ಪ್ರಭುತ್ವವೇ ಈಗ ಅದನ್ನು ನುಂಗಿದವರನ್ನು ಅಪರಾಧಿಗಳೆಂದು ಕರೆಯಿತು. ಪಿಡುಗಿನ ಹೊಣೆಯನ್ನು ಜಪಾನಿನಲ್ಲಿ ನೆಲೆಸಿದ್ದ ಕೊರಿಯನ್ನರ ತಲೆಗೆ ಕಟ್ಟುವ ಪ್ರಯತ್ನವೂ ಜೋರಾಗಿಯೇ ನಡೆಯಿತು. ಪರದೇಶದಲ್ಲಿ ಬಾಳುವವರು ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆ ಕಾಯ್ದೆ ಇಂದಿಗೂ ಜೀವಂತ. ಅಮೆರಿಕದ ವೈದ್ಯರು ಮಕ್ಕಳಿಗೂ ಬರೆದುಕೊಡುವ ಆಡರಾಲ್ ಮಾತ್ರೆಯನ್ನು ಔಷಧ ಚೀಟಿಯಿದ್ದರೂ ಜಪಾನಿಗೆ ತರುವಂತಿಲ್ಲ.

ಎರಡನೆಯ ಅಧ್ಯಾಯಕ್ಕೆ ಬಂದೂಕಿನ ಹಿನ್ನೆಲೆಯಿಲ್ಲ, ಬ್ಯಾಂಕುಗಳ ಹಿನ್ನೆಲೆಯಿದೆ. 1997ರಲ್ಲಿ ಯಾಮಾಯಿಚಿ ಷೇರು ಸಂಸ್ಥೆ ಕುಸಿದುಬಿತ್ತು. ಜೀವನಪೂರ್ತಿ ಉದ್ಯೋಗ ಎಂಬ ನಂಬಿಕೆ ಅಲುಗಾಡಿತು. 1998ರಲ್ಲಿ ಆತ್ಮಹತ್ಯೆಗಳ ಸಂಖ್ಯೆ 32 ಸಾವಿರ ದಾಟಿತು. ಸರಿಯಾಗಿ ಇದೇ ಹೊತ್ತಿಗೆ, 1999ರಲ್ಲಿ ಫ್ಲುವಾಕ್ಸಮಿನ್, 2000ದಲ್ಲಿ ಪ್ಯಾರಾಕ್ಸೆಟಿನ್ ಎಂಬ ಹೊಸ ತಲೆಮಾರಿನ ಔಷಧಗಳು ಜಪಾನಿಗೆ ಕಾಲಿಟ್ಟವು. ಖಿನ್ನತೆಗೂ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುವ ಭೀತಿರೋಗಕ್ಕೂ ಇವು ನಿಜಕ್ಕೂ ಉಪಯುಕ್ತ ಮದ್ದುಗಳೇ. ಆದರೆ ಅವುಗಳೊಂದಿಗೆ ಬಂದ ನುಡಿಗಟ್ಟು ವಿಚಾರ ಮಾಡತಕ್ಕದ್ದು: ಖಿನ್ನತೆಯೆಂದರೆ ‘ಮನಸ್ಸಿನ ನೆಗಡಿ’. ನೆಗಡಿಯಾದವರನ್ನು ಯಾರೂ ಹೀಯಾಳಿಸುವುದಿಲ್ಲ. ಮನೋವೈದ್ಯರ ಬಾಗಿಲು ತಟ್ಟಲು ನಾಚುತ್ತಿದ್ದ ಸಮಾಜದಲ್ಲಿ ಈ ಮಾತು ಒಂದು ಗೋಡೆಯನ್ನು ಕೆಡವಿತು, ಅದನ್ನು ಅಲ್ಲಗಳೆಯಲಾಗದು. ಆದರೆ ನೆಗಡಿ ಯಾರ ತಪ್ಪಿನಿಂದಲೂ ಬರುವುದಿಲ್ಲ. ಅದಕ್ಕಾಗಿ ಯಾವ ಮಾಲೀಕನೂ ಉತ್ತರ ಕೊಡಬೇಕಾಗಿಲ್ಲ. ಆರೋಗ್ಯ ಸಚಿವಾಲಯದ ಸಮೀಕ್ಷೆಯ ಪ್ರಕಾರ 1999ರಲ್ಲಿ 4 ಲಕ್ಷ 41 ಸಾವಿರವಿದ್ದ ಮನೋಭಾವದ ಕಾಯಿಲೆಯ ರೋಗಿಗಳ ಸಂಖ್ಯೆ 2008ಕ್ಕೆ 10 ಲಕ್ಷ 41 ಸಾವಿರಕ್ಕೇರಿತು. ಆತ್ಮಹತ್ಯೆಗಳ ಸಂಖ್ಯೆ ಮಾತ್ರ 2011ರವರೆಗೂ ವರ್ಷಕ್ಕೆ 30 ಸಾವಿರದಿಂದ ಕೆಳಗಿಳಿಯಲಿಲ್ಲ.

ಇದಕ್ಕೆ ಎದುರಾದ ಇನ್ನೊಂದು ದನಿ ನ್ಯಾಯಾಲಯದಿಂದ ಬಂತು. ಜಾಹೀರಾತು ಸಂಸ್ಥೆ ಡೆಂಟ್ಸುವಿನಲ್ಲಿ ವಿಪರೀತ ದುಡಿತದಿಂದ ಕುಗ್ಗಿ 1991ರಲ್ಲಿ ಪ್ರಾಣ ಕಳೆದುಕೊಂಡ 24 ವರ್ಷದ ಯುವಕನ ಹೆತ್ತವರು ಹೂಡಿದ ಮೊಕದ್ದಮೆಯಲ್ಲಿ, 2000ದ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಕಂಪನಿಯನ್ನೇ ಹೊಣೆಯಾಗಿಸಿತು. ಮಾನವಶಾಸ್ತ್ರಜ್ಞೆ ಜುಂಕೊ ಕಿತಾನಾಕಾ ಅವರು ಜಪಾನಿನ ಖಿನ್ನತೆಯ ಕುರಿತು ನಡೆಸಿದ ಅಧ್ಯಯನದಲ್ಲಿ ಈ ಪ್ರಕರಣಕ್ಕೆ ಮುಖ್ಯ ಸ್ಥಾನವಿದೆ. ಕಾಯಿಲೆಯ ಹೆಸರು ಕಾರ್ಮಿಕನ ಬಾಯಿ ಮುಚ್ಚಿಸಲೂ ಬರುತ್ತದೆ, ಕಾರ್ಮಿಕನ ಪರ ಸಾಕ್ಷಿ ನುಡಿಯಲೂ ಬರುತ್ತದೆ. 2006ರ ಆತ್ಮಹತ್ಯೆ ತಡೆ ಮೂಲ ಕಾಯ್ದೆ ಆತ್ಮಹತ್ಯೆಯನ್ನು ಕೇವಲ ವ್ಯಕ್ತಿಯ ಸಮಸ್ಯೆಯೆಂದು ನೋಡಬಾರದು, ಅದರ ಹಿಂದೆ ಸಾಮಾಜಿಕ ಕಾರಣಗಳಿವೆ ಎಂದು ಸ್ಪಷ್ಟವಾಗಿ ಸಾರಿತು. ಹಾಗಿದ್ದೂ 2015ರ ಕ್ರಿಸ್‌ಮಸ್ ದಿನ ಅದೇ ಡೆಂಟ್ಸುವಿನ, ಅದೇ 24ರ ವಯಸ್ಸಿನ ಯುವತಿಯೊಬ್ಬಳು ಅದೇ ದಾರಿ ಹಿಡಿದಳು.

ನ್ಯಾಯಾಲಯದ ಈ ದನಿ ವೈದ್ಯರ ಕೊಠಡಿಯವರೆಗೆ ಅಷ್ಟಾಗಿ ತಲುಪಲಿಲ್ಲ. ಎಟಿಜೋಲಾಮ್ ಎಂಬ ಆತಂಕನಿವಾರಕವನ್ನು ಜಪಾನಿನಲ್ಲೇ ರೂಪಿಸಿ ‘ದೇಪಾಸ್’ ಎಂಬ ಹೆಸರಿನಲ್ಲಿ 1980ರ ದಶಕದಿಂದ ಮಾರಲಾಯಿತು. ಕುತ್ತಿಗೆ ನೋವು, ಸೊಂಟ ನೋವುಗಳಿಗೂ ಅದನ್ನು ಬರೆದುಕೊಡಬಹುದಾಗಿತ್ತು. ಕಚೇರಿಯ ಕುರ್ಚಿಯಲ್ಲಿ ಹೆಪ್ಪುಗಟ್ಟಿದ ಹೆಗಲು, ಹೆಪ್ಪುಗಟ್ಟಿದ ಮನಸ್ಸು ಎರಡಕ್ಕೂ ಒಂದೇ ಮಾತ್ರೆ. ಮನೋವೈದ್ಯರನ್ನು ಕಾಣದೆಯೇ ಅದಕ್ಕೆ ಒಗ್ಗಿಹೋದವರು ಎಷ್ಟೋ ಮಂದಿ. ಅದು ನಿಯಂತ್ರಿತ ಮನೋಔಷಧಗಳ ಪಟ್ಟಿಗೆ ಸೇರಿದ್ದು ಮೂರು ದಶಕಗಳ ನಂತರ, 2016ರಲ್ಲಿ. ಒಮ್ಮೆಗೆ 30 ದಿನಕ್ಕಿಂತ ಹೆಚ್ಚಿನ ಮಾತ್ರೆ ಕೊಡಬಾರದೆಂಬ ಮಿತಿ ಬಂದದ್ದೂ ಆಗಲೇ. ವೈದ್ಯರು ಹೇಳಿದ ಪ್ರಮಾಣದಲ್ಲೇ ನುಂಗಿದರೂ ಈ ಬಗೆಯ ಮಾತ್ರೆಗಳಿಗೆ ದೇಹ ದಾಸನಾಗಬಹುದೆಂಬ ಅಧಿಕೃತ ಎಚ್ಚರಿಕೆ 2017ರಲ್ಲಿ ಹೊರಬಂತು. ಒಗ್ಗಿಹೋದ ಮೇಲೆ ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಹೆಚ್ಚಿನ ಆತಂಕ, ನಿದ್ರಾಹೀನತೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಆದ್ದರಿಂದ ಮಾತ್ರೆಯ ರಾಜಕೀಯವನ್ನು ಅರಿತ ಹುಮ್ಮಸ್ಸಿನಲ್ಲಿ ಯಾರೂ ಅದನ್ನು ಕಸದ ಬುಟ್ಟಿಗೆ ಎಸೆಯಬಾರದು. ವೈದ್ಯರ ಜೊತೆ ಕುಳಿತು ವಾರಗಳ, ತಿಂಗಳುಗಳ ಲೆಕ್ಕದಲ್ಲಿ ಇಳಿಸಿಕೊಂಡು ಬರಬೇಕು.

ಮಾತ್ರೆಯಿಲ್ಲದ ದಾರಿಯೂ ಇದೇ ನೆಲದಲ್ಲಿ ಹುಟ್ಟಿತ್ತು. ಕೊಚಿ ಪ್ರಾಂತ್ಯದ ಮೊರಿತಾ ಶೋಮಾ (1874–1938) ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಎದೆಬಡಿತ, ಸಾವಿನ ಭಯಗಳಿಂದ ನರಳುತ್ತಿದ್ದರು. ಮನೆಯಿಂದ ಹಣ ಬರುವುದು ತಡವಾದಾಗ ತಂದೆಯ ಮೇಲಿನ ಸಿಟ್ಟಿನಿಂದ ಔಷಧಗಳನ್ನೆಲ್ಲ ಬಿಟ್ಟು, ಸತ್ತರೂ ಸರಿಯೆಂದು ಪರೀಕ್ಷೆಗೆ ಓದಲು ಕುಳಿತರಂತೆ. ಪರೀಕ್ಷೆಯೂ ಚೆನ್ನಾಗಿ ಆಯಿತು, ಭಯವೂ ಸರಿಯಿತು. ಮುಂದೆ ಅವರು ರೋಗಿಗಳನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು ರೂಪಿಸಿದ ಚಿಕಿತ್ಸೆಯ ತಿರುಳು ಇಷ್ಟೇ: ಅಂಜಿಕೆಯನ್ನು ಕಿತ್ತೆಸೆಯಲು ಹೋಗಬೇಡ, ಅಂಜುತ್ತಲೇ ಮಾಡಬೇಕಾದ್ದನ್ನು ಮಾಡು. ನಾಲ್ವರ ಮುಂದೆ ಮಾತಾಡಲು ನಡುಗುವವರಿಗೆ ಇದು ಅಮೂಲ್ಯ ಸಲಹೆ. ಆದರೆ ತಿಂಗಳಿಗೆ ನೂರು ತಾಸು ಹೆಚ್ಚುವರಿ ದುಡಿಯುವವನಿಗೆ ಅವನ ಮೇಲಧಿಕಾರಿಯೇ ಇದನ್ನು ಹೇಳಿದರೆ? ಮಾತ್ರೆಯಂತೆಯೇ ತತ್ವವೂ ಯಾರ ಕೈಯಿಂದ ಬರುತ್ತದೆ ಎಂಬುದನ್ನು ನೋಡಬೇಕಾಗುತ್ತದೆ.

ಕೈಗೆ ಕೊಡುವವರೇ ಇಲ್ಲದ ಮಕ್ಕಳು ತಾವೇ ಅಂಗಡಿಗೆ ಹೋಗುತ್ತಿದ್ದಾರೆ. ಟೋಕಿಯೊದ ಕಬುಕಿಚೊದಲ್ಲಿ ಮನೆ ಬಿಟ್ಟುಬಂದ ಹದಿಹರೆಯದವರು ಕೆಮ್ಮಿನ ಮಾತ್ರೆಗಳನ್ನು ಹಿಡಿಗಟ್ಟಲೆ ನುಂಗುವುದು ಕೆಲವು ವರ್ಷಗಳಿಂದ ದೊಡ್ಡ ಸುದ್ದಿ. ರಾಷ್ಟ್ರೀಯ ನರವಿಜ್ಞಾನ ಮತ್ತು ಮನೋವೈದ್ಯ ಕೇಂದ್ರದ ಸಮೀಕ್ಷೆಯಲ್ಲಿ, ಮಾದಕ ವ್ಯಸನದ ಚಿಕಿತ್ಸೆಗೆ ಬಂದ ಹದಿಹರೆಯದವರ ಪೈಕಿ ಅಂಗಡಿಯ ಔಷಧಗಳೇ ಮುಖ್ಯ ವ್ಯಸನವಾಗಿದ್ದವರು 2014ರಲ್ಲಿ ಒಬ್ಬರೂ ಇರಲಿಲ್ಲ. 2022ರಲ್ಲಿ ಅವರ ಪ್ರಮಾಣ ಶೇ. 65ರಷ್ಟಾಗಿತ್ತು. ಆ ಕೆಮ್ಮಿನ ಮಾತ್ರೆಗಳಲ್ಲಿ ಕೆಲವಕ್ಕೆ ಬಳಸುವ ಮೀಥೈಲ್‌ಎಫೆಡ್ರಿನ್, ನಾಗಾಯಿ ಕಂಡುಹಿಡಿದ ಎಫೆಡ್ರಿನ್‌ನ ಸೋದರನೇ. ‘ಬೇಡ, ಖಂಡಿತ ಬೇಡ’ ಎಂಬ ಸರ್ಕಾರಿ ಘೋಷಣೆ 1987ರಿಂದ ಗೋಡೆಗಳ ಮೇಲಿದೆ. ಅದೇ ಕೇಂದ್ರದ ಮನೋವೈದ್ಯ ಮತ್ಸುಮೊತೊ ತೊಶಿಹಿಕೊ ವರ್ಷಗಳಿಂದ ಇದನ್ನು ಟೀಕಿಸುತ್ತ ಬಂದಿದ್ದಾರೆ: ಈ ಮಕ್ಕಳು ಮಜಾಕ್ಕಾಗಿ ನುಂಗುತ್ತಿಲ್ಲ, ನೋವು ತಡೆಯಲಾರದೆ ನುಂಗುತ್ತಿದ್ದಾರೆ, ಬೇಡವೆಂದು ಗದರಿದರೆ ಅವರು ಸಹಾಯ ಕೇಳುವುದನ್ನು ಬಿಡುತ್ತಾರೆಯೇ ಹೊರತು ಮಾತ್ರೆಯನ್ನಲ್ಲ ಎಂಬುದು ಅವರ ವಾದ.

ಜಪಾನಿನಲ್ಲಿರುವ ಭಾರತೀಯರ ಸಂಖ್ಯೆ ಈಗ 50 ಸಾವಿರ ದಾಟಿದೆ. ಟೋಕಿಯೊದ ನಿಶಿ ಕಸಾಯಿಯ ಬಹುಮಹಡಿ ವಸತಿಗಳಲ್ಲಿ ಬೆಂಗಳೂರಿನಿಂದ ಬಂದ ತಂತ್ರಜ್ಞರ ಸಂಸಾರಗಳಿವೆ. ಕನ್ನಡಿಗರಿಗೆ ಮೇಲಿನ ಕಥೆ ಪರರ ಕಥೆಯಲ್ಲ. ಉದ್ಯೋಗದ ಮೇಲೆ ನಿಂತ ವಾಸದ ಪರವಾನಗಿಯುಳ್ಳವರು ಸಕಾರಣವಿಲ್ಲದೆ ಮೂರು ತಿಂಗಳು ಆ ಕೆಲಸದಿಂದ ಹೊರಗುಳಿದರೆ ಪರವಾನಗಿ ರದ್ದಾಗಬಹುದು. ಕೆಲಸದ ಭಯ, ವೀಸಾದ ಭಯ, ಮಕ್ಕಳ ಶಾಲೆಯ ಭಯ ಮೂರೂ ಒಂದೇ ಗಂಟು. ಊರಿಗೆ ಫೋನು ಮಾಡಿದರೆ ಧೈರ್ಯವಾಗಿರಪ್ಪಾ ಎನ್ನುತ್ತಾರೆ, ಒಂದೆಲಗದ ರಸ ಕುಡಿ ಎನ್ನುತ್ತಾರೆ. ಮನೋವೈದ್ಯರ ಮಾತೆತ್ತಿದರೆ ಯಾರಿಗೂ ಹೇಳಬೇಡ ಎನ್ನುತ್ತಾರೆ. ನಿಮ್ಹಾನ್ಸ್ ಇರುವ, ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಕನ್ನಡದಲ್ಲೇ ಮನೋರೋಗಗಳ ಬಗ್ಗೆ ಬರೆದ ನಾಡಿನ ಮಧ್ಯಮವರ್ಗ ಇಂದಿಗೂ ಇದನ್ನು ಮನೆಯ ಗುಟ್ಟಾಗಿಯೇ ಕಾಯುತ್ತಿದೆ. ಆಗ ಉಳಿಯುವ ದಾರಿ, ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ನಾಲ್ಕು ಪಟ್ಟಿ ಆಲ್ಪ್ರಜೋಲಾಮ್, ಒಂದು ಡಬ್ಬಿ ಅಶ್ವಗಂಧ. ಆಲ್ಪ್ರಜೋಲಾಮ್ ಎರಡೂ ದೇಶಗಳಲ್ಲಿ ನಿಯಂತ್ರಿತ ಔಷಧ, ಇನ್ನೊಬ್ಬರಿಗಾಗಿ ಅದನ್ನು ಹೊತ್ತು ತರುವುದು ಅಪರಾಧ. ಇನ್ನು ಹಿರೇಮದ್ದು ಎಂದು ಹಳ್ಳಿಗಳಲ್ಲಿ ಕರೆಯುವ ಅಶ್ವಗಂಧವನ್ನು ಜಪಾನ್ ಔಷಧವೆಂದೇ ಪರಿಗಣಿಸುತ್ತದೆ, ಪೂರಕ ಆಹಾರವೆಂದು ಮಾರಗೊಡುವುದಿಲ್ಲ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಅದನ್ನು ಸೇವಿಸಿದವರಲ್ಲಿ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳಿವೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯ ಎಂಬ ನಂಬಿಕೆಯೂ ಒಂದು ಬಗೆಯ ತಾಯತವೇ.

ಟೋಕಿಯೊದಲ್ಲಿ ಇಂಗ್ಲಿಷಿನಲ್ಲಿ ಕಷ್ಟ ಹೇಳಿಕೊಳ್ಳಲು ‘ಟೆಲ್’ ಎಂಬ ಸಹಾಯವಾಣಿ 1973ರಿಂದ ಇದೆ. ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳ ಕರೆಯೋಲೆಯ ಕೆಳಗೆ ಆ ಸಂಖ್ಯೆಯನ್ನು ಅಚ್ಚು ಹಾಕಬಹುದು. ಕೆಲಸದ ತಾಸುಗಳ ಬಗ್ಗೆ, ಕಾರ್ಮಿಕ ಕಾನೂನಿನ ಬಗ್ಗೆ ಒಂದು ಸಂಜೆ ಮಾತಾಡಬಹುದು. 2015ರ ಡಿಸೆಂಬರ್‌ನಿಂದ 50 ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಪ್ರತಿಯೊಂದು ಕೆಲಸದ ಸ್ಥಳವೂ ವರ್ಷಕ್ಕೊಮ್ಮೆ ನೌಕರರ ಮಾನಸಿಕ ಒತ್ತಡವನ್ನು ಅಳೆಯುವುದು ಜಪಾನಿನಲ್ಲಿ ಕಡ್ಡಾಯ. ನೌಕರರ ಒಪ್ಪಿಗೆಯಿಲ್ಲದೆ ಅವರವರ ಫಲಿತಾಂಶವನ್ನು ಮಾಲೀಕರಿಗೆ ಕೊಡುವಂತಿಲ್ಲ ಎಂಬ ರಕ್ಷಣೆಯೂ ಅದರಲ್ಲಿದೆ. ಎಷ್ಟು ಮಂದಿ ಕನ್ನಡಿಗರಿಗೆ ಇದು ಗೊತ್ತು? ಆದರೆ ಆ ಕಾನೂನಿನಲ್ಲಿ ವ್ಯಕ್ತಿಯ ಒತ್ತಡವನ್ನು ಅಳೆಯುವುದೇನೋ ಕಡ್ಡಾಯ. ಫಲಿತಾಂಶಗಳನ್ನು ವಿಭಾಗವಾರು ಒಟ್ಟುಗೂಡಿಸಿ, ಯಾವ ವಿಭಾಗ ತನ್ನ ಜನರನ್ನು ಕಾಯಿಲೆ ಬೀಳಿಸುತ್ತಿದೆ ಎಂದು ನೋಡಿ ಕೆಲಸದ ರೀತಿಯನ್ನು ಬದಲಿಸುವುದು ಇಂದಿಗೂ ಮಾಲೀಕರ ‘ಪ್ರಯತ್ನ’ಕ್ಕೆ ಬಿಟ್ಟದ್ದು.