ಮನೋರಮೆಯ ಮನೆ

“ಮುದ್ದಣನ ಮನೋರಮೆ ಅವನ ಹೆಂಡತಿಯೇ?” ಎಂದು ಠಾಣಾ ಕುಶನೂರಿನ ವಾಚಕ ಮಹಾಶಯರೊಬ್ಬರು ಕೇಳಿದ್ದಾರೆ. ಪ್ರಶ್ನೆ ಸಣ್ಣದು; ಉತ್ತರ ಅಷ್ಟು ಸುಲಭವಲ್ಲ.

ನಂದಳಿಕೆಯ ಲಕ್ಷ್ಮೀನಾರಣಪ್ಪ 1870ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದನು. ಇಂಗ್ಲಿಷ್ ವಿದ್ಯೆಯನ್ನು ಮುಂದುವರಿಸಲು ಮನೆಯ ಸ್ಥಿತಿ ಬಿಡಲಿಲ್ಲ. ಮದರಾಸಿನಲ್ಲಿ ಅಂಗಸಾಧನೆಯನ್ನು ಕಲಿತು ಬಂದು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾದನು. ಹಗಲು ಹುಡುಗರಿಗೆ ಕವಾಯತು. ಉಳಿದ ಹೊತ್ತು ಹಳಗನ್ನಡ. ಪಂಡಿತ ಮಳಲಿ ಸುಬ್ಬರಾಯರ ಪ್ರೋತ್ಸಾಹ ಅವನಿಗಿತ್ತು. ಕಾಗೇಕೋಡಿನ ಕಮಲೆ ಅವನ ಕೈಹಿಡಿದಳು, ಮಗ ರಾಧಾಕೃಷ್ಣ.

ಈಗ ‘ರಾಮಾಶ್ವಮೇಧ’ವನ್ನು ತೆರೆಯಿರಿ. ಅಲ್ಲಿಯ ಮುದ್ದಣನು ಅರಮನೆಯಿಂದ ಮನೆಗೆ ಬರುತ್ತಾನೆ. ಮನೋರಮೆ ಉಪಚರಿಸುತ್ತಾಳೆ, ಮಳೆಗಾಲದ ಬೇಸರ ಕಳೆಯಲು ಕಥೆ ಬೇಡುತ್ತಾಳೆ, ನಡುನಡುವೆ ಕೆಣಕುತ್ತಾಳೆ. ಪದ್ಯ ಬೇಡ, ಗದ್ಯವೇ ಇರಲಿ ಎಂದು ತೀರ್ಪು ಕೊಡುವವಳೂ ಅವಳೇ! ಉಡುಪಿಯ ಬಡ ಉಪಾಧ್ಯಾಯನಿಗೆ ಅರಮನೆ ಎಲ್ಲಿಯದು? ಅಷ್ಟು ಬಿಡುವಾದರೂ ಎಲ್ಲಿಯದು? ಸರಸದ ಮಾತು ಕಮಲೆಯದಿರಬಹುದು. ಆ ಮನೆ ಮಾತ್ರ ಕನಸಿನದೆಂದೇ ನನ್ನ ಎಣಿಕೆ.

ಕೃತಿಯನ್ನು ಮೈಸೂರಿಗೆ ಕಳುಹಿಸುವಾಗ ಅದು ಯಾವನೋ ಹಳೆಯ ಕವಿಯದೆಂದು ಹೇಳಿ ತನ್ನನ್ನು ಮರೆಸಿಕೊಂಡನು. ಕವಾಯತಿನ ಉಪಾಧ್ಯಾಯ ಬರೆದುದೆಂದರೆ ವಿದ್ವಾಂಸರು ಪುಟ ತೆರೆದಾರೆಯೇ ಎಂಬ ಅಳುಕೋ ಏನೋ. ಪಂಡಿತರು ನಂಬಿದರು, ಮೆಚ್ಚಿದರು. ಮೆಚ್ಚಿಕೆಯೆಲ್ಲ ಇಲ್ಲದ ಪ್ರಾಚೀನನಿಗೆ ಸಂದಿತು!

1901ರಲ್ಲಿ ಕ್ಷಯರೋಗ ಅವನನ್ನು ಒಯ್ದಾಗ ವಯಸ್ಸು 31. ಮುದ್ದಣನೆಂದರೆ ಈ ಲಕ್ಷ್ಮೀನಾರಣಪ್ಪನೇ ಎಂದು ನಾಡಿಗೆಲ್ಲ ತಿಳಿದುದು ಎಷ್ಟೋ ವರ್ಷಗಳ ಮೇಲೆ.